ಟೆಂಪೊ ಎಳೆಯಲೊಲ್ಲದ ದಿನ

ಮದುವೆಯ ಸೀಸನ್ನಿನ ಒಂದು ಬೆಳಿಗ್ಗೆ. ಮಾಟುಂಗದ ನಮ್ಮ ಅಡುಗೆಮನೆಯಿಂದ ಮುಲುಂಡಿನ ಹಾಲಿಗೆ ಆರುನೂರು ಎಲೆಯ ಊಟ ಹೊರಟಿತ್ತು. ಘಾಟ್‌ಕೋಪರ್ ದಾಟುವಷ್ಟರಲ್ಲಿ ಟೆಂಪೊ ಎಳೆಯಲೊಲ್ಲದು. ಎಷ್ಟು ತುಳಿದರೂ ವೇಗ ಮೂವತ್ತು ದಾಟದು. ಎದುರಿಗೆ ಹಳದಿ ದೀಪ, ಹಿಂದೆ ಸಾರು, ಹುಳಿ, ಪಾಯಸದ ಪಾತ್ರೆಗಳು. ಮುಕ್ಕಾಲು ಗಂಟೆ ತಡವಾಗಿ ಎಲೆ ಹಾಕಿದೆವು. ಮದುಮಗಳ ತಂದೆ ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಆ ದೀಪ ಹೊತ್ತಿ ನಾಲ್ಕು ದಿನವಾಗಿತ್ತಂತೆ. ಡ್ರೈವರ್ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಸೇರಿಕೊಂಡಿದೆ. ಒಳಗಿರುವುದು ಜೇನುಗೂಡಿನಂಥ ಪಿಂಗಾಣಿ. ಒಂದು ಕಂಡಿ ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದು ಆ ತುದಿಯಲ್ಲಿ ಮುಚ್ಚಿರುತ್ತದೆ. ಹೊಗೆ ಗೋಡೆಯ ಸಣ್ಣ ರಂಧ್ರಗಳಲ್ಲಿ ನುಸುಳಿಯೇ ಹೊರಬರಬೇಕು, ಮಸಿ ಅಲ್ಲೇ ಉಳಿಯುತ್ತದೆ. ತುಂಬುತ್ತ ಬಂದಾಗ ಇಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ರೀಜನರೇಶನ್ ಎನ್ನುತ್ತಾರೆ.

ಇಂಜಿನ್ ಚೆನ್ನಾಗಿ ಕಾದು, ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಈ ಕೆಲಸ ಸಲೀಸು. ನಮ್ಮ ಕಸುಬಿನಲ್ಲಿ ಆಗದಿರುವುದೇ ಅದು! ಮಾಟುಂಗದಿಂದ ಸಯಾನ್, ಸಯಾನ್‌ನಿಂದ ಚೆಂಬೂರು, ಹಾಲಿನ ಹಿಂಬಾಗಿಲಲ್ಲಿ ಪಾತ್ರೆ ಇಳಿಸುವಾಗಲೂ ಇಂಜಿನ್ ಚಾಲೂ. ಸುಡುವುದಕ್ಕೆ ಶುರುವಾದ ಹೊತ್ತಿಗೇ ಕೀಲಿ ತಿರುಗಿಸಿ ಆಫ್. ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಒಂದಿಷ್ಟು ಇಂಜಿನ್ ಆಯಿಲಿಗೆ ಸೇರಬಹುದು. ಕಡ್ಡಿ ಎಳೆದು ನೋಡಿದಾಗ ಆಯಿಲ್ ಏರಿದ್ದರೆ ಸಂತೋಷಪಡಬೇಡಿ, ಬದಲಿಸಿ. ಆಯಿಲ್ ಕೂಡ ಕಂಪನಿ ಪುಸ್ತಕದಲ್ಲಿ ಹೇಳಿದ, ಬೂದಿ ಕಡಿಮೆ ಬಿಡುವ ಜಾತಿಯದೇ ಆಗಬೇಕು. ಮಸಿ ಸುಟ್ಟು ಹೋಗುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ.

ಬರೇ ಫಿಲ್ಟರ್ ದೀಪವಷ್ಟೇ ಹೊತ್ತಿದ್ದರೆ ಹೆದರಬೇಕಾಗಿಲ್ಲ. ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇದೆಯೇ ನೋಡಿ. ತೀರಾ ಕಡಿಮೆಯಿದ್ದರೆ ಹಲವು ಗಾಡಿಗಳು ಸುಡಲು ಒಪ್ಪುವುದಿಲ್ಲ. ರಸ್ತೆ ಖಾಲಿಯಿರುವ ಮುಂಜಾನೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಥಾಣೆಯ ಕಡೆಗೆ ಅರುವತ್ತರ ಆಸುಪಾಸಿನಲ್ಲಿ, ಒಂದು ಗೇರ್ ಕೆಳಗಿಟ್ಟು, ಇಪ್ಪತ್ತು ನಿಮಿಷ ಓಡಿಸಿ. ದೀಪ ಮಿನುಗತೊಡಗಿದರೆ, ಅಥವಾ ಇಂಜಿನ್ ದೀಪವೂ ಜೊತೆಗೆ ಬಂದರೆ ಓಡಿಸಿ ಪ್ರಯೋಜನವಿಲ್ಲ, ಸರ್ವಿಸ್ ಸ್ಟೇಶನ್ನಿಗೇ ಒಯ್ಯಿರಿ. ಅಲ್ಲಿ ಸ್ಕ್ಯಾನರ್ ಜೋಡಿಸಿ ನಿಂತಲ್ಲೇ ಸುಡಿಸುತ್ತಾರೆ. ಆ ಹೊತ್ತಿಗೆ ಹೊಗೆಕೊಳವೆ ಕೆಂಡವಾಗಿರುತ್ತದೆ. ಶಾಮಿಯಾನದ ಬಟ್ಟೆ, ಒಣಹುಲ್ಲು, ಗ್ಯಾಸ್ ಸಿಲಿಂಡರುಗಳ ಹತ್ತಿರ ಗಾಡಿ ನಿಲ್ಲಿಸುವ ಅಭ್ಯಾಸ ನಮ್ಮವರಿಗಿದೆ. ಅದು ಬೇಡವೇ ಬೇಡ.

ನಮ್ಮ ಗಾಡಿಗೆ ಹೊಸ ಫಿಲ್ಟರೇ ಬೇಕೆಂದು ಒಂದು ಕಡೆ ಹೇಳಿದರು. ಬೆಲೆ ಕೇಳಿ ಕುಳಿತುಬಿಟ್ಟೆವು. ಇನ್ನೊಂದು ಕಡೆ ತೋರಿಸಿದಾಗ ಸಿಕ್ಕಿದ್ದು, ಒತ್ತಡ ಅಳೆಯುವ ಸೆನ್ಸರಿನ ಸಣ್ಣ ರಬ್ಬರ್ ಕೊಳವೆಯ ಬಿರುಕು. ಅದನ್ನು ಬದಲಿಸಿ ಒಮ್ಮೆ ಸುಡಿಸಿದ ಮೇಲೆ ಗಾಡಿ ಓಡುತ್ತಿದೆ. ಫಿಲ್ಟರ್ ಯಾಕೆ ಕಟ್ಟಿತು ಎಂದು ಕೇಳದೆ ದುಡ್ಡು ಬಿಚ್ಚಬೇಡಿ.

ಮೂರನೆಯವನೊಬ್ಬ ಫಿಲ್ಟರನ್ನೇ ಕೊಯ್ದು ಖಾಲಿ ಕೊಳವೆ ಕೂರಿಸುತ್ತೇನೆಂದ. ಅಗ್ಗ ಹೌದು. ಆದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಗಾಡಿಯನ್ನು ಹೀಗೆ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಮೇಲಾಗಿ ನಮ್ಮ ಟೆಂಪೊ ಹಾಲಿನ ಹಿಂದೆ ನಿಲ್ಲುವುದು ಪಾತ್ರೆ ತೊಳೆಯುವ ಹೆಂಗಸರ ಮುಖದೆದುರೇ.

ಈಗ ಹತ್ತಿರದ ಆರ್ಡರುಗಳಿಗೆ ಸಿಎನ್‌ಜಿ ಗಾಡಿ. ಡೀಸೆಲ್ ಟೆಂಪೊ ವಾರಕ್ಕೆರಡು ಸಲ ನಸುಕಿನಲ್ಲೇ ಸೇತುವೆ ದಾಟಿ ವಾಶಿ ಎಪಿಎಂಸಿಗೆ ತರಕಾರಿ ತರಲು ಹೋಗುತ್ತದೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಡ್ರೈವರ್ ಈಗ ದೀಪದ ವಿಷಯವನ್ನೂ ಬರೆದಿಡುತ್ತಾನೆ.