ದುಡ್ಡಿಲ್ಲದ ಜಾಮೀನು ಎಂದರೆ ಎಲ್ಲರಿಗೂ ಬಿಡುಗಡೆಯೇ?

ಅಮೆರಿಕದ ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್ 18ರಂದು ನಗದು ಜಾಮೀನನ್ನು ಪೂರ್ತಿಯಾಗಿ ಕೈಬಿಟ್ಟಿತು. ಆ ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದು. ಕಾಯ್ದೆ ಜಾರಿಯಾಗುವ ಮೊದಲೇ, ಇನ್ನು ಕೊಲೆ ಆರೋಪಿಯನ್ನೂ ಒಳಗಿಡಲು ಆಗುವುದಿಲ್ಲ ಎಂಬ ಮಾತು ಎಲ್ಲೆಡೆ ಹಬ್ಬಿತ್ತು.

ತಪ್ಪು ಕಲ್ಪನೆ: ದುಡ್ಡಿನ ಷರತ್ತು ಹೋದರೆ ಅಪಾಯಕಾರಿಗಳೆಲ್ಲ ಹೊರಗೆ.

ಸತ್ಯ: ಇಲಿನಾಯ್‌ನಲ್ಲಿ ಕೊಲೆ, ಅತ್ಯಾಚಾರದಂಥ ಪ್ರಕರಣಗಳಲ್ಲಿ ಆರೋಪಿಯನ್ನು ಬಿಡಬಾರದೆಂದು ಸರ್ಕಾರಿ ವಕೀಲರು ಅರ್ಜಿ ಹಾಕಬಹುದು. ಆತನಿಂದ ಅಪಾಯವಿದೆ ಅಥವಾ ಆತ ತಲೆಮರೆಸಿಕೊಳ್ಳುತ್ತಾನೆ ಎಂಬುದನ್ನು ಬಲವಾದ ಪುರಾವೆಯೊಂದಿಗೆ ತೋರಿಸಬೇಕು. ನ್ಯಾಯಾಧೀಶರಿಗೆ ಮನವರಿಕೆಯಾದರೆ ಎಷ್ಟೇ ಹಣವಿದ್ದರೂ ಬಿಡುಗಡೆಯಿಲ್ಲ. ಮೊದಲು ಹೆಚ್ಚಿನ ಪ್ರಕರಣಗಳಲ್ಲಿ ಹಾಗಿರಲಿಲ್ಲ. ಹಣ ಹೊಂದಿಸಿದವನು ಎಂಥವನೇ ಆಗಲಿ ಮನೆಗೆ ಹೋಗುತ್ತಿದ್ದ, ಹೊಂದಿಸಲಾಗದವನು ಒಳಗೇ ಕೊಳೆಯುತ್ತಿದ್ದ.

ಕೊಳೆಯುವುದು ಎಂದರೇನೆಂದು ತಿಳಿಯಲು ನ್ಯೂಯಾರ್ಕ್‌ನ ಕಲೀಫ್ ಬ್ರೌಡರ್‌ನನ್ನು ನೆನೆಯಬೇಕು. 2010ರಲ್ಲಿ, 16ನೇ ವಯಸ್ಸಿನಲ್ಲಿ, ಬ್ಯಾಗ್ ಕದ್ದ ಆರೋಪದ ಮೇಲೆ ಬಂಧನ. ಜಾಮೀನಿನ ಮೊತ್ತ 3,000 ಡಾಲರ್. ಮನೆಯವರ ಬಳಿ ಇರಲಿಲ್ಲ. ವಿಚಾರಣೆಯೇ ನಡೆಯದೆ ಸುಮಾರು ಮೂರು ವರ್ಷ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಕಳೆದ, ಅದರಲ್ಲಿ ಬಹುಕಾಲ ಏಕಾಂತ ಸೆರೆ. 2013ರಲ್ಲಿ ಕೇಸು ಕೈಬಿಡಲಾಯಿತು. 2015ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಇದನ್ನು ಓದಿದ ಮೇಲೂ ಹಳೆಯ ಪದ್ಧತಿಯೇ ಸುರಕ್ಷಿತ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ತಪ್ಪು ಕಲ್ಪನೆ: ಕೇಸು ಮುಗಿದ ಮೇಲೆ ದುಡ್ಡು ವಾಪಸ್ ಬರುತ್ತದಲ್ಲ.

ಸತ್ಯ: ಪೂರ್ತಿ ಮೊತ್ತವನ್ನು ಕೋರ್ಟಿಗೇ ಕಟ್ಟಿ, ಕರೆದಾಗಲೆಲ್ಲ ಹಾಜರಾದವರಿಗೆ ಬರುತ್ತದೆ. ಅಷ್ಟು ಇಲ್ಲದವರು ಜಾಮೀನು ಬಾಂಡ್ ಕಂಪನಿಯ ಬಾಗಿಲು ತಟ್ಟುತ್ತಾರೆ. 10,000 ಡಾಲರ್ ಜಾಮೀನಿಗೆ ಕಂಪನಿಯ ಶುಲ್ಕ ಸಾಮಾನ್ಯವಾಗಿ ಶೇ 10, ಅಂದರೆ 1,000 ಡಾಲರ್. ಮರುವಾರವೇ ಕೇಸು ವಜಾ ಆದರೂ ಆ ಹಣ ಹೋದದ್ದೇ.

ತಪ್ಪು ಕಲ್ಪನೆ: ಇದು ಒಂದೇ ಪಕ್ಷದ ಹೊಸ ಹುಚ್ಚು.

ಸತ್ಯ: ಕೆಂಟಕಿ ರಾಜ್ಯ 1976ರಲ್ಲೇ ಬಾಂಡ್ ಕಂಪನಿಗಳನ್ನು ನಿಷೇಧಿಸಿತು. ನ್ಯೂಜೆರ್ಸಿಯ ಸುಧಾರಣೆಗೆ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಕ್ರಿಸ್ ಕ್ರಿಸ್ಟಿ. 2017ರಿಂದ ಅಲ್ಲಿ ದುಡ್ಡಿನ ಜಾಮೀನು ತೀರಾ ಅಪರೂಪ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ನಗದು ಜಾಮೀನು ಕೈಬಿಡುವ 2018ರ ಕಾಯ್ದೆಯನ್ನು ಜಾಮೀನು ಉದ್ಯಮದವರು ಜನಮತಕ್ಕೆ ಎಳೆದರು. 2020ರಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು.

ಎಲ್ಲ ರಾಜ್ಯಗಳ ಸುಧಾರಣೆಯೂ ಒಂದೇ ಅಲ್ಲ. ಅಪಾಯಕಾರಿ ಎಂಬ ಕಾರಣಕ್ಕೆ ಆರೋಪಿಯನ್ನು ಒಳಗಿಡುವ ಅಧಿಕಾರವನ್ನು ಇಲಿನಾಯ್, ನ್ಯೂಜೆರ್ಸಿ ನ್ಯಾಯಾಧೀಶರಿಗೆ ಕೊಟ್ಟಿವೆ, ನ್ಯೂಯಾರ್ಕ್ ಕೊಟ್ಟಿಲ್ಲ. ಇಂಥ ಸುದ್ದಿ ಓದುವಾಗ ಮೊದಲು ಆ ಅಧಿಕಾರ ಇದೆಯೇ ಎಂದು ನೋಡಿ.