ಎದೆಬಡಿತದ ಮಾತ್ರೆಯೂ ರಮಝಾನ್ ಉಪವಾಸವೂ

ನಮ್ಮ ಕಲಬುರಗಿ ಕಡೆ ಈ ತೊಂದರೆಗೆ ಮನೆಗೊಂದು ಮಾತಿದೆ. ಹಳ್ಳಿಯವರು ‘ಎದಿ ಡವಡವ ಅಂತದ’ ಎನ್ನುತ್ತಾರೆ. ಮನೆಯಲ್ಲಿ ಉರ್ದು ಆಡುವವರು ‘ಘಬ್ರಾಹಟ್’ ಎನ್ನುತ್ತಾರೆ. ಗೊಂದಲ ಶುರುವಾಗುವುದು ಈ ಎರಡನೆಯ ಮಾತಿನಿಂದ. ಘಬ್ರಾಹಟ್ ಎಂದರೆ ಮನಸ್ಸಿನ ಗಾಬರಿಯೂ ಹೌದು, ಎದೆಯ ಬಡಿತವೂ ಹೌದು. ಹೀಗಾಗಿ ಅಮ್ಮಿ ಘಬ್ರಾಹಟ್ ಎಂದಾಗ ‘ಚಿಂತೆ ಮಾಡಬೇಡಿ’ ಎಂದು ಹೇಳಿ ಮನೆಯವರು ಸುಮ್ಮನಾಗುತ್ತಾರೆ.

ಸುಮ್ಮನಾಗುವ ಮೊದಲು ನಾಡಿ ನೋಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಸುಮ್ಮನೆ ಕುಳಿತಿರುವ ದೊಡ್ಡವರಲ್ಲಿ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ಎಣಿಕೆಯಷ್ಟೇ ಮುಖ್ಯವಾದದ್ದು ಲಯ. ಬಡಿತ ಒಂದೇ ಸಮ ಇದೆಯೋ, ಅಡ್ಡಾದಿಡ್ಡಿ ಬೀಳುತ್ತಿದೆಯೋ, ಒಮ್ಮೆಲೇ ಶುರುವಾಯಿತೋ, ಎಷ್ಟು ಹೊತ್ತು ಇತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಡಾಕ್ಟರಿಗೆ ‘ಘಬ್ರಾಹಟ್’ ಎಂಬ ಒಂದು ಮಾತಿಗಿಂತ ಈ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎದೆ ಹೊಡೆದುಕೊಂಡ ಮಾತ್ರಕ್ಕೆ ಹೃದಯವೇ ಕೆಟ್ಟಿದೆ ಎಂದಲ್ಲ. ರಕ್ತ ಕಡಿಮೆಯಾದರೆ, ಥೈರಾಯ್ಡ್ ಹೆಚ್ಚಾದರೆ, ಜ್ವರ ಬಂದರೆ, ನಿದ್ದೆಗೆಟ್ಟರೆ, ಚಹಾ ಮೇಲೆ ಚಹಾ ಕುಡಿದರೆ, ಬಿಸಿಲಲ್ಲಿ ಮೈಯ ನೀರು ಆರಿದರೆ ಬಡಿತ ಏರುತ್ತದೆ. ಮನಸ್ಸಿನ ಗಾಬರಿಯಿಂದಲೂ ಏರುತ್ತದೆ. ಇಂಥ ಕಡೆ ಮೂಲ ಕಾರಣಕ್ಕೆ ಚಿಕಿತ್ಸೆ ಬೇಕು. ಆದರೆ ಹೃದಯದ ವಿದ್ಯುತ್ ಹರಿವಿನಲ್ಲಿ ದೋಷವಿದ್ದಾಗ, ಅಥವಾ ಚಿಕ್ಕಂದಿನಲ್ಲಿ ಗಂಟಲುನೋವಿನ ಹಿಂದೆ ಬಂದ ಸಂಧಿವಾತ ಜ್ವರದಿಂದ ಕವಾಟ ಕಿರಿದಾಗಿದ್ದಾಗ ಬರುವ ಬಡಿತ ಬೇರೆಯದು. ಅದನ್ನು ಬೇರ್ಪಡಿಸಲು ಇಸಿಜಿ, ರಕ್ತಪರೀಕ್ಷೆ, ಎಕೋ, ಕೆಲವೊಮ್ಮೆ 24 ಗಂಟೆ ಮೈಮೇಲೆ ಇರುವ ಹೋಲ್ಟರ್ ಯಂತ್ರ ಬೇಕಾಗುತ್ತದೆ.

ಇದಕ್ಕೆಲ್ಲ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಿದ್ದ ಕಾಲ ಈಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿ ನಗರದಲ್ಲೇ ಉದ್ಘಾಟನೆಯಾಗಿದೆ. ಕಮಲಾಪುರದವರಿಗೆ ಅದು ಹುಮನಾಬಾದ್ ರಸ್ತೆ ಹಿಡಿದು ಬಂದರೆ ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುವಷ್ಟೇ ದೂರ.

ಪರೀಕ್ಷೆಗಳಾದ ಮೇಲೆ ಹಲವರಿಗೆ ಬರೆದುಕೊಡುವುದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಮೆಟೊಪ್ರೊಲೋಲ್, ಅಟೆನೊಲೋಲ್, ಬೈಸೊಪ್ರೊಲೋಲ್, ಪ್ರೊಪ್ರನೊಲೋಲ್ ಇವೆಲ್ಲ ಇದೇ ಗುಂಪಿನವು. ಹೆಸರಿನ ಕೊನೆಯ ‘ಲೋಲ್’ ನೋಡಿದರೆ ಗುರುತು ಸಿಗುತ್ತದೆ. ಭಯ, ಓಟ, ಕೋಪದ ಹೊತ್ತಿನಲ್ಲಿ ಮೈಯಲ್ಲಿ ಅಡ್ರಿನಾಲಿನ್ ಉಕ್ಕಿ ಹೃದಯದ ಬಾಗಿಲು ತಟ್ಟುತ್ತದೆ. ಈ ಮಾತ್ರೆ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ, ಬಡಿತ ನಿಧಾನವಾಗುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲೋಲ್ ರೂಪಿಸಿದರು. 1988ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ಹಳೆಯ ಔಷಧವಾದ್ದರಿಂದ ಬೆಲೆಯೂ ಕಡಿಮೆ. ಜನೌಷಧಿ ಅಂಗಡಿಗಳಲ್ಲೂ ಸಿಗುತ್ತದೆ.

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ರಮಝಾನ್ ಚಂದ್ರ ಕಂಡ ಕೂಡಲೇ ‘ಒಂದು ತಿಂಗಳು ಮಾತ್ರೆ ಬೇಡ, ಈದ್ ಆದ ಮೇಲೆ ನೋಡೋಣ’ ಎನ್ನುವವರಿದ್ದಾರೆ. ಬೇರೆ ಕೆಲವು ಮಾತ್ರೆಗಳಿಗೆ ಇದು ಸಣ್ಣ ತಪ್ಪು, ಬೀಟಾ ಬ್ಲಾಕರಿಗೆ ದೊಡ್ಡ ತಪ್ಪು. ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದರಿಂದ ಹೃದಯ ಹೊಸ ಬಾಗಿಲುಗಳನ್ನು ಮಾಡಿಕೊಂಡಿರುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಅಡ್ರಿನಾಲಿನ್ ಎಲ್ಲ ಬಾಗಿಲುಗಳಿಂದಲೂ ಒಟ್ಟಿಗೆ ನುಗ್ಗುತ್ತದೆ. ಬಡಿತವೂ ಬಿಪಿಯೂ ಮೊದಲಿಗಿಂತ ಜೋರಾಗಬಹುದು. ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರೇ ಒಂದೆರಡು ವಾರಗಳಲ್ಲಿ ಪ್ರಮಾಣ ಇಳಿಸುತ್ತಾ ಬರುತ್ತಾರೆ.

ಹೆಚ್ಚಿನವರಿಗೆ ಮಾತ್ರೆ ಬಿಡುವ ಅಗತ್ಯವೂ ಇರುವುದಿಲ್ಲ. ನಮ್ಮಲ್ಲಿ ಉಪವಾಸ ಹದಿಮೂರು ಹದಿನಾಲ್ಕು ಗಂಟೆಯದು. ದಿನಕ್ಕೊಂದು ಮಾತ್ರೆಯಾದರೆ ಇಫ್ತಾರ್‌ಗೋ ಸಹರಿಗೋ ಹೊಂದಿಸಬಹುದು, ಎರಡಾದರೆ ಎರಡೂ ಹೊತ್ತಿಗೆ. ಮೂರು ಹೊತ್ತು ನುಂಗುವವರಿಗೆ ದಿನಕ್ಕೊಮ್ಮೆ ಸಾಕಾಗುವ ಮಾತ್ರೆ ಹಾಕಿಕೊಡಬಹುದು. ಈ ಬದಲಾವಣೆಯನ್ನು ನೀವೇ ಮಾಡಿಕೊಳ್ಳಬೇಡಿ. ರಮಝಾನ್‌ಗೆ ಎರಡು ಮೂರು ವಾರ ಮುಂಚೆ, ಅಂದರೆ ಶಾಬಾನ್‌ನಲ್ಲೇ, ಹಳೆಯ ಚೀಟಿಗಳನ್ನೆಲ್ಲ ಹಿಡಿದು ಡಾಕ್ಟರ ಬಳಿ ಹೋಗಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಜಗಿಯಬಾರದು, ಪುಡಿ ಮಾಡಬಾರದು. ಸಹರಿಯದು ತಪ್ಪಿತೆಂದು ಇಫ್ತಾರ್‌ನಲ್ಲಿ ಎರಡು ನುಂಗಬಾರದು.

ಉಪವಾಸ ನಿಮಗೆ ಅಪಾಯ ಎಂದು ಡಾಕ್ಟರ್ ಹೇಳಿದರೆ ಬೇಸರ ಬೇಡ. ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯನ್ನು ಸೂರಾ ಬಕರಾದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ವಾಸಿಯಾಗದ ಕಾಯಿಲೆಯಾದರೆ ಫಿದ್ಯಾ ಇದೆ. ನಿಮ್ಮ ಪರಿಸ್ಥಿತಿಗೆ ಯಾವುದು ಅನ್ವಯಿಸುತ್ತದೆ ಎಂದು ಆಲಿಮರನ್ನು ಕೇಳಿ, ಆದರೆ ಡಾಕ್ಟರ ಮಾತನ್ನು ಕೇಳಿಕೊಂಡ ನಂತರ.

ಸಕ್ಕರೆ ಕಾಯಿಲೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಸಕ್ಕರೆ ಇಳಿದಾಗ ಕೈ ನಡುಗಿ, ಎದೆ ಹೊಡೆದು ಎಚ್ಚರಿಕೆ ಸಿಗುತ್ತದೆ. ಬೀಟಾ ಬ್ಲಾಕರ್ ಈ ಎಚ್ಚರಿಕೆಯನ್ನು ಮುಚ್ಚಿಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಅಸರ್ ಹೊತ್ತಿಗೆ ಕಾರಣವಿಲ್ಲದೆ ತಣ್ಣಗೆ ಬೆವರಿದರೆ ಬೆರಳು ಚುಚ್ಚಿ ನೋಡಿ, ಇದರಿಂದ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಕೆಳಗಿದ್ದರೆ ಮಗ್ರಿಬ್ ಅಝಾನ್‌ಗೆ ಕಾಯದೆ ಉಪವಾಸ ಬಿಡಿ. ಅಸ್ತಮಾ ಇದ್ದವರಿಗೆ ಈ ಗುಂಪಿನ ಕೆಲವು ಮಾತ್ರೆಗಳು, ಮುಖ್ಯವಾಗಿ ಪ್ರೊಪ್ರನೊಲೋಲ್, ಉಸಿರು ಕಟ್ಟಿಸಬಹುದು. ಆದ್ದರಿಂದ ನೆರೆಮನೆಯವರ ಮಾತ್ರೆ ಇಸಿದುಕೊಂಡು ನುಂಗುವ ಅಭ್ಯಾಸ ಒಳ್ಳೆಯದಲ್ಲ.

ಮೊದಲ ವಾರಗಳಲ್ಲಿ ಸುಸ್ತು, ತಣ್ಣನೆಯ ಕೈಕಾಲು, ವಿಚಿತ್ರ ಕನಸುಗಳು ಬರಬಹುದು. ಸಜ್ದಾದಿಂದ ಏಳುವಾಗ ತಲೆ ತಿರುಗಿದರೆ ನಿಧಾನವಾಗಿ ಎದ್ದೇಳಿ; ತರಾವೀಹ್‌ನಲ್ಲಿ ಕುರ್ಚಿ ಕೇಳಲು ಸಂಕೋಚ ಬೇಡ. ಕೆಲವು ಗಂಡಸರಿಗೆ ದಾಂಪತ್ಯದಲ್ಲಿ ತೊಂದರೆಯಾಗುತ್ತದೆ. ನಾಚಿಕೆಯಿಂದ ಗುಟ್ಟಾಗಿ ಮಾತ್ರೆ ಬಿಡುವುದಕ್ಕಿಂತ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ.

ಇಫ್ತಾರ್ ತಟ್ಟೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಇರಬಹುದೇ? ಇರಬಹುದು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಅದರಲ್ಲಿನ ಪೊಟ್ಯಾಶಿಯಂ ಬಗ್ಗೆ ಕೇಳಿ ತಿನ್ನಬೇಕು. ಕಡಿಮೆ ಮಾಡಬೇಕಾದದ್ದು ತರಾವೀಹ್ ನಂತರದ ಮೂರನೆಯ ಕಪ್ ಚಹಾ.

ನಾಡಿ 50ಕ್ಕಿಂತ ಕೆಳಗಿಳಿದು ತಲೆ ತಿರುಗಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಬಡಿತದ ಜೊತೆ ಎದೆನೋವು, ಉಬ್ಬಸ, ಪ್ರಜ್ಞೆ ತಪ್ಪುವುದು ಇದ್ದರೆ 108ಕ್ಕೆ ಕರೆ ಮಾಡಿ. ಆಗ ನೀರು ಕುಡಿಸಬಹುದೇ, ಉಪವಾಸ ಮುರಿಯುತ್ತದೆಯೇ ಎಂದು ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬೇಡಿ. ಗಾಡಿ ಬರುವಷ್ಟರಲ್ಲಿ ಮಾತ್ರೆಗಳ ಪಟ್ಟಿಯನ್ನೂ ಹಳೆಯ ಇಸಿಜಿಯನ್ನೂ ಒಂದು ಚೀಲಕ್ಕೆ ಹಾಕಿಟ್ಟುಕೊಳ್ಳಿ.