ಅಟ್ಟದ ಮೇಲಿನ ಹಳೆಯ ಗಿಟಾರ್: ದುರಸ್ತಿ ಮೊದಲೋ, ಮಾರಾಟ ಮೊದಲೋ?

2024ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ ಹನ್ನೆರಡು ತಂತಿಗಳ ಹಳೆಯ ಅಕೌಸ್ಟಿಕ್ ಗಿಟಾರೊಂದು ಸುಮಾರು 29 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಬೀಟಲ್ಸ್ ತಂಡದ ಜಾನ್ ಲೆನನ್ 1965ರಲ್ಲಿ ‘ಹೆಲ್ಪ್!’ ಧ್ವನಿಮುದ್ರಣದ ವೇಳೆ ನುಡಿಸಿದ್ದ ಫ್ರಾಮಸ್ ಕಂಪನಿಯ ಆ ವಾದ್ಯ ದಶಕಗಳ ಕಾಲ ಬ್ರಿಟನ್ನಿನ ಮನೆಯೊಂದರ ಅಟ್ಟದಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. ಅದಕ್ಕೂ ಮುನ್ನ, 2020ರ ಜೂನ್‌ನಲ್ಲಿ, ಕರ್ಟ್ ಕೊಬೇನ್ ನುಡಿಸಿದ್ದ 1959ರ ಮಾರ್ಟಿನ್ ಗಿಟಾರ್ 60 ಲಕ್ಷ ಡಾಲರುಗಳ ಗಡಿ ದಾಟಿತ್ತು.

ಇಂತಹ ಸುದ್ದಿ ಓದಿದವರಿಗೆ ತಮ್ಮ ಮನೆಯ ಮೂಲೆಯಲ್ಲಿರುವ ಬಿರುಕುಬಿಟ್ಟ ಗಿಟಾರ್ ನೆನಪಾಗುವುದು ಸಹಜ. ಆದರೆ ಆ ಎರಡು ಪ್ರಸಂಗಗಳಲ್ಲಿ ಬೆಲೆ ಬಂದದ್ದು ಮರಕ್ಕಲ್ಲ, ಅದನ್ನು ಮುಟ್ಟಿದ ಕೈಗಳಿಗೆ. ಸಾಮಾನ್ಯರ ಮನೆಯಲ್ಲಿರುವ ಹಳೆಯ ವಾದ್ಯದ ಬೆಲೆಯನ್ನು ನಿರ್ಧರಿಸುವುದು ಮೂರೇ ಪ್ರಶ್ನೆಗಳು: ಅದು ಯಾವುದು? ಅದರಲ್ಲಿ ಮೂಲ ಭಾಗಗಳೆಷ್ಟು ಉಳಿದಿವೆ? ಕೆಟ್ಟಿರುವುದೇನು? ಈ ಮೂರಕ್ಕೂ ಉತ್ತರ ದೊರೆಯುವ ಮುನ್ನವೇ ಮಾರುವವರು ಉಪ್ಪುಕಾಗದ, ವಾರ್ನಿಷ್ ಹಿಡಿದು ಕುಳಿತರೆ ನಷ್ಟ ಕಟ್ಟಿಟ್ಟ ಬುತ್ತಿ.

ಗುರುತು ಪತ್ತೆ

ಹಳೆಯ ಗಿಟಾರುಗಳ ಮಾರುಕಟ್ಟೆಯ ಕೇಂದ್ರ ಅಮೆರಿಕ. 1833ರಲ್ಲಿ ಸ್ಥಾಪನೆಯಾದ ಮಾರ್ಟಿನ್ ಕಂಪನಿಯ ವಾದ್ಯಗಳ ವಯಸ್ಸನ್ನು ತಿಳಿಯುವುದು ತುಲನಾತ್ಮಕವಾಗಿ ಸುಲಭ. 1898ರಿಂದ ಈಚೆಗೆ ತಯಾರಾದ ಗಿಟಾರುಗಳಲ್ಲಿ ಧ್ವನಿರಂಧ್ರದ ಮೂಲಕ ಇಣುಕಿದರೆ, ಕತ್ತು ಒಡಲಿಗೆ ಸೇರುವ ಕಡೆಯ ಒಳಗಿನ ಮರದ ತುಂಡಿನ ಮೇಲೆ ಕ್ರಮಸಂಖ್ಯೆ ಕಾಣುತ್ತದೆ. ಗಿಬ್ಸನ್ ಕಂಪನಿಯ ವಿಷಯ ಅಷ್ಟು ಸರಳವಲ್ಲ. 1960ರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಹಲವು ವಾದ್ಯಗಳಿಗೆ ಒತ್ತಿರುವುದರಿಂದ, ಸಂಖ್ಯೆಯೊಂದನ್ನೇ ನಂಬದೆ ತಲೆಭಾಗದ ಆಕಾರ, ಬಿರಡೆ, ಲಾಂಛನಗಳನ್ನೂ ಪರಿಶೀಲಿಸಬೇಕಾಗುತ್ತದೆ.

ಕೆಲವು ವರ್ಷಗಳ ಅಂತರ ಬೆಲೆಯಲ್ಲಿ ಭಾರಿ ವ್ಯತ್ಯಾಸ ತರುತ್ತದೆ. ಮಾರ್ಟಿನ್ ಕಂಪನಿ 1944ರ ಕೊನೆಯವರೆಗೆ ಮುಖಫಲಕದ ಒಳಗಿನ ಆಧಾರಪಟ್ಟಿಗಳನ್ನು ಕೆತ್ತಿ ಹಗುರಗೊಳಿಸುತ್ತಿತ್ತು. ಫಲಕ ಹೆಚ್ಚು ಸಡಿಲವಾಗಿ ಕಂಪಿಸುವ ಆ ಕಾಲದ ದೊಡ್ಡ ಗಿಟಾರುಗಳಿಗೆ ಇಂದು ಹತ್ತಾರು ಸಾವಿರ ಡಾಲರ್ ಬೆಲೆಯಿದೆ. ಅದೇ ಷಿಕಾಗೋದ ಹಾರ್ಮನಿ, ಕೇ ಮುಂತಾದ ಕಾರ್ಖಾನೆಗಳು ಜನಸಾಮಾನ್ಯರಿಗಾಗಿ ರಾಶಿ ರಾಶಿಯಾಗಿ ತಯಾರಿಸಿದ ಬಹುತೇಕ ವಾದ್ಯಗಳು ಎಷ್ಟೇ ಹಳೆಯವಾದರೂ ದುರಸ್ತಿಯ ಖರ್ಚನ್ನು ಹಿಂದಿರುಗಿಸುವುದಿಲ್ಲ. ವಯಸ್ಸು ಮತ್ತು ಮೌಲ್ಯ ಒಂದೇ ಅಲ್ಲ ಎಂಬುದು ಗಮನಾರ್ಹ.

ಕೆಡುವುದೇಕೆ?

ಉಕ್ಕಿನ ಆರು ತಂತಿಗಳು ಸೇರಿ ಗಿಟಾರಿನ ಮೇಲೆ ಸುಮಾರು 70 ಕಿಲೋಗ್ರಾಂ ಎಳೆತ ಹೇರುತ್ತವೆ. ಮೂರು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಸ್ಪ್ರೂಸ್ ಮರದ ಫಲಕ ದಶಕಗಳ ಕಾಲ ಈ ಭಾರವನ್ನು ಹೊತ್ತು ಉಬ್ಬುತ್ತದೆ. ಕತ್ತು ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. ಪರಿಣಾಮವಾಗಿ ತಂತಿಗಳು ಬೆರಳುಪಟ್ಟಿಯಿಂದ ಮೇಲಕ್ಕೇಳುತ್ತವೆ, ಒತ್ತಿ ನುಡಿಸುವುದು ಕಷ್ಟವಾಗುತ್ತದೆ. ಕತ್ತಿನೊಳಗೆ ಕೂರಿಸುವ ಹೊಂದಿಸಬಲ್ಲ ಸರಳಿಗೆ ಗಿಬ್ಸನ್ ಕಂಪನಿ 1923ರಲ್ಲೇ ಪೇಟೆಂಟ್ ಪಡೆದಿತ್ತಾದರೂ, ಮಾರ್ಟಿನ್ ಅಂತಹ ಸರಳನ್ನು ಅಳವಡಿಸಿದ್ದು 1985ರಲ್ಲಿ. ಆದರೆ ಸರಳು ಸರಿಪಡಿಸುವುದು ಕತ್ತಿನ ಬಾಗನ್ನು ಮಾತ್ರ. ಕತ್ತು ಒಡಲಿಗೆ ಸೇರುವ ಕೋನವನ್ನಲ್ಲ.

ಕೋನವನ್ನು ಸರಿಪಡಿಸುವ ಕೆಲಸಕ್ಕೆ ನೆಕ್ ರೀಸೆಟ್ ಎಂದು ಹೆಸರು. ಕೀಲಿನೊಳಗೆ ಹಬೆ ಹಾಯಿಸಿ ಹಳೆಯ ಅಂಟನ್ನು ಮೆದುಗೊಳಿಸಿ, ಕತ್ತನ್ನು ಬಿಡಿಸಿ, ಬುಡವನ್ನು ಕೂದಲೆಳೆಯಷ್ಟು ತೆಗೆದು ಮರಳಿ ಕೂರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ ನೂರಾರು ಡಾಲರ್ ತಗಲುತ್ತದೆ. ಮಾರುವವರು ಇದರ ಅಗತ್ಯವನ್ನು ತಾವೇ ಪರೀಕ್ಷಿಸಬಹುದು. ನೇರವಾದ ಉದ್ದನೆಯ ಅಳತೆಪಟ್ಟಿಯನ್ನು ಬೆರಳುಪಟ್ಟಿಯ ಲೋಹದ ಗೆರೆಗಳ ಮೇಲೆ ಇಟ್ಟಾಗ ಅದರ ತುದಿ ಸೇತುವೆಯ ಮೇಲಂಚನ್ನು ಮುಟ್ಟಬೇಕು. ಅದು ಬಹಳ ಕೆಳಗೆ ಸೇತುವೆಗೆ ತಾಗಿದರೆ ರೀಸೆಟ್ ಅನಿವಾರ್ಯ.

ಒಣಹವೆಯೂ ಮರದ ಶತ್ರು. ಮುಖಫಲಕ ಎಳೆಯ ಗುಂಟ ಸೀಳುತ್ತದೆ. ಹಳೆಯ ಮಾರ್ಟಿನ್‌ಗಳಲ್ಲಿ ಸೆಲ್ಯುಲಾಯ್ಡ್ ರಕ್ಷಾಫಲಕವನ್ನು ನೇರವಾಗಿ ಬರಿಯ ಮರಕ್ಕೇ ಅಂಟಿಸುತ್ತಿದ್ದರು. ಅದು ಕುಗ್ಗುತ್ತ ಮರವನ್ನೂ ಎಳೆದು ಬಿರುಕು ಮೂಡಿಸುತ್ತದೆ. ಇಂತಹ ಬಿರುಕನ್ನು ನುರಿತವರು ಅಂಟಿಸಿ ಒಳಗಿನಿಂದ ಆಧಾರ ಕೊಟ್ಟರೆ ಬೆಲೆ ಬಹಳವೇನೂ ಕುಸಿಯುವುದಿಲ್ಲ.

ಮೆರುಗೇ ಮುಳುವಾಗುವ ಬಗೆ

ಬೆಲೆ ನಿಜವಾಗಿ ಕುಸಿಯುವುದು ಬೇರೆ ಕಾರಣಕ್ಕೆ. ಸವೆದ ಮೂಲ ಲೇಪವನ್ನು ಕೆರೆದು ಹೊಸ ಮೆರುಗು ಕೊಟ್ಟರೆ ವಾದ್ಯದ ಮೌಲ್ಯ ಅರ್ಧಕ್ಕಿಳಿಯುತ್ತದೆ ಎಂಬುದು ವ್ಯಾಪಾರಿಗಳ ರೂಢಿಯ ಲೆಕ್ಕ. ಕಳಚಿದ ಸೇತುವೆಯನ್ನು ಎಪಾಕ್ಸಿಯಿಂದ ಅಂಟಿಸುವುದು ಇನ್ನೊಂದು ಪ್ರಮಾದ. ಪ್ರಾಣಿಜನ್ಯ ಅಂಟು ಬಿಸಿ ಮತ್ತು ತೇವಕ್ಕೆ ಬಿಡುತ್ತದೆ. ಎಪಾಕ್ಸಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಬಿಡಿಸಹೋದರೆ ಮರವೇ ಕಿತ್ತುಬರುತ್ತದೆ. ಮೂಲ ಬಿರಡೆಗಳನ್ನು ತೆಗೆದು ಹೊಸದಕ್ಕಾಗಿ ತೂತು ಕೊರೆಯುವುದೂ ಹಾಗೆಯೇ, ಹಿಂದಿರುಗಿಸಲಾಗದ ಕೆಲಸ.

ಹಾಗಾದರೆ ನುರಿತವರಿಂದ ದುರಸ್ತಿ ಮಾಡಿಸಿ ಮಾರುವುದು ಲಾಭದಾಯಕವೇ? ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಸುಸ್ಥಿತಿಯಲ್ಲಿ 4000 ಡಾಲರ್ ಬಾಳುವ ಗಿಟಾರಿಗೆ 900 ಡಾಲರಿನ ಕೆಲಸವಿದೆ ಎನ್ನೋಣ. ಇದ್ದ ಸ್ಥಿತಿಯಲ್ಲೇ ಮಾರಿದರೆ ಕೊಳ್ಳುವವರು ದುರಸ್ತಿಯ ವೆಚ್ಚದೊಂದಿಗೆ ತಮ್ಮ ಶ್ರಮ, ಅಪಾಯಗಳಿಗೂ ಒಂದಿಷ್ಟು ಕಳೆದು 2600 ಡಾಲರ್ ಕೊಟ್ಟಾರು. ಇಲ್ಲಿ ದುರಸ್ತಿಯಿಂದ 500 ಡಾಲರ್ ಮಿಗುತ್ತದೆ. ಅದೇ ಸುಸ್ಥಿತಿಯ ಬೆಲೆಯೇ 800 ಡಾಲರ್ ಆಗಿದ್ದರೆ ಕೆಲಸ ಮಾಡಿಸುವುದು ಕೈಯಿಂದ ಹಣ ಕಳೆದುಕೊಂಡಂತೆ. ಅಪರೂಪದ ವಾದ್ಯಗಳ ವಿಷಯದಲ್ಲಿ, ಯಾರೂ ಕೈಹಾಕದ ಸ್ಥಿತಿಯನ್ನೇ ಬಯಸುವ ಸಂಗ್ರಾಹಕರಿರುವುದರಿಂದ, ನಿರ್ಧಾರವನ್ನು ಅವರಿಗೇ ಬಿಡುವುದು ಕ್ಷೇಮ.

ಕಾನೂನಿನ ತೊಡಕು, ಬೀಟೆಯ ನಂಟು

ಗಿಟಾರಿನ ಬೆನ್ನಿನ ಮರ ಯಾವುದೆಂಬುದು ಬೆಲೆಯನ್ನಷ್ಟೇ ಅಲ್ಲ, ಮಾರಾಟದ ಹಕ್ಕನ್ನೂ ನಿರ್ಧರಿಸುತ್ತದೆ. ಬ್ರೆಜಿಲ್ ರೋಸ್‌ವುಡ್ 1992ರಿಂದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅದರಿಂದ ಮಾಡಿದ ಹಳೆಯ ಗಿಟಾರನ್ನು ಮಾರಾಟಕ್ಕಾಗಿ ದೇಶದ ಗಡಿ ದಾಟಿಸಬೇಕಾದರೆ, ಮರ ನಿರ್ಬಂಧಕ್ಕಿಂತ ಮುಂಚಿನದೆಂಬ ಅಧಿಕೃತ ಪ್ರಮಾಣಪತ್ರ ಬೇಕು. ದಂತ ಮತ್ತು ಆಮೆಚಿಪ್ಪಿನ ಭಾಗಗಳಿಗೂ ಕಠಿಣ ನಿಯಮಗಳಿವೆ. ಕಾಗದಪತ್ರಗಳಿಲ್ಲದ ವಾದ್ಯ ಸುಂಕದ ಕಟ್ಟೆಯಲ್ಲೇ ಜಪ್ತಿಯಾಗಬಹುದು.

ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿದಾಗ, 1969ರ ಸುಮಾರಿಗೆ ಮಾರ್ಟಿನ್ ಕಂಪನಿ ಮೊರೆಹೋದದ್ದು ಭಾರತದ ರೋಸ್‌ವುಡ್‌ಗೆ. ಅಂದರೆ ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ, ಕನ್ನಡಿಗರಿಗೆ ಚಿರಪರಿಚಿತವಾದ ಬೀಟೆ ಮರಕ್ಕೆ. 2017ರ ಜನವರಿಯಿಂದ ಬೀಟೆಯ ವಾದ್ಯಗಳಿಗೂ ಸೈಟಿಸ್ ಪತ್ರ ಕಡ್ಡಾಯವಾಗಿತ್ತು. ಸಂಗೀತಗಾರರ ಆಕ್ಷೇಪದ ಬಳಿಕ 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲ್ ಮರಕ್ಕೆ ಆ ವಿನಾಯಿತಿ ಇಲ್ಲ. ಆದ್ದರಿಂದ 1969ರ ಆಸುಪಾಸಿನ ಗಿಟಾರ್ ಮಾರುವವರು ಮರವನ್ನು ತಜ್ಞರಿಂದ ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

ಮಾರುವವರ ಕರ್ತವ್ಯ

ಮಾರಾಟಕ್ಕೆ ಮುನ್ನ ತಂತಿಗಳ ಬಿಗುವನ್ನು ಸಡಿಲಿಸಿ, ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಕಳಚಿಬಿದ್ದ ಪ್ರತಿ ಚೂರನ್ನೂ, ಹಳೆಯ ಪೆಟ್ಟಿಗೆಯನ್ನೂ, ಖರೀದಿಯ ರಸೀದಿಯನ್ನೂ ಜೋಪಾನವಾಗಿಡಬೇಕು. ಬಿರುಕು, ಉಬ್ಬು, ಹಿಂದಿನ ದುರಸ್ತಿಗಳನ್ನು ಹಗಲ ಬೆಳಕಿನಲ್ಲಿ ಚಿತ್ರ ತೆಗೆದು, ದೋಷಗಳನ್ನೆಲ್ಲ ಬರವಣಿಗೆಯಲ್ಲಿ ತಿಳಿಸಬೇಕು. ಮುಚ್ಚಿಟ್ಟ ದೋಷ ತಜ್ಞರ ಕೈಗನ್ನಡಿ ಮತ್ತು ಪುಟ್ಟ ದೀಪಕ್ಕೆ ಕ್ಷಣದಲ್ಲಿ ಸಿಕ್ಕಿಬೀಳುತ್ತದೆ. ಸಂಬಂಧವಿಲ್ಲದ ಇಬ್ಬರು ತಜ್ಞರಿಂದ ದುರಸ್ತಿಯ ಅಂದಾಜು ಪಡೆದು ಅದನ್ನು ಕೊಳ್ಳುವವರ ಮುಂದಿಟ್ಟರೆ ಚೌಕಾಸಿಗೆ ಒಂದು ನ್ಯಾಯವಾದ ತಳಹದಿ ಸಿಗುತ್ತದೆ. ಏನೂ ಮಾಡದೆ ಕಾಯುವುದರಿಂದ ಹಳೆಯ ಗಿಟಾರಿಗೆ ಆಗುವ ಹಾನಿ ಅಲ್ಪ. ಅವಸರದ ಒಂದು ಮಧ್ಯಾಹ್ನದ ರಿಪೇರಿಯಿಂದ ಆಗುವ ಹಾನಿಗೆ ಮದ್ದಿಲ್ಲ.